ಬೂದಣ್ಣನ ಲಂಗರು

ಕಾಡಿನ ನಡುವೆ ಒಂದು ಕೆರೆ ಇತ್ತು. ಅದರ ಒಂದು ಮಗ್ಗುಲಲ್ಲಿ ಆಳೆತ್ತರದ ಜೊಂಡು, ಇನ್ನೊಂದು ಮಗ್ಗುಲಲ್ಲಿ ಬೋಳು ಬಂಡೆ. ಜೊಂಡಿನ ಹಿಂದಿನ ಬಿಲದಲ್ಲಿ ಬೂದಣ್ಣ ಎಂಬ ನರಿ ವಾಸವಾಗಿದ್ದ. ಮೈ ಬೂದಿ ಬಣ್ಣದ್ದಾದ್ದರಿಂದ ಆ ಹೆಸರು. ತಲೆ ಚುರುಕು, ಕಾಲು ಸೋಮಾರಿ. ಬೇಟೆಯ ಹಿಂದೆ ಓಡುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಬೇಟೆಯೇ ತನ್ನ ಬಳಿಗೆ ಬರಬೇಕು, ಬಂದು ಬಾಯಿಗೆ ಬೀಳಬೇಕು, ಇದು ಅವನ ಆಸೆ. ಅಂಥ ಆಸೆ ಯಾರಿಗಿಲ್ಲ ಹೇಳಿ! ಆದರೆ ಬೂದಣ್ಣ ಅದೊಂದನ್ನೇ ಹಗಲಿಡೀ ಯೋಚಿಸುತ್ತಿದ್ದ.

ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಆ ಕೆರೆಗೆ ಕಾಡುಬಾತುಗಳು ಬರುತ್ತಿದ್ದವು. ದೂರದಿಂದ ಹಾರಿ ಬಂದು ದಣಿದ, ಮೈತುಂಬಿಕೊಂಡ ಬಾತುಗಳು. ಅವುಗಳ ಮುಂದಾಳು ಹಂಡಕ್ಕ ಎಂಬ ಹಿರಿಯ ಬಾತು. ಅವಳು ತನ್ನ ಬಳಗವನ್ನು ಯಾವತ್ತೂ ಕೆರೆಯ ನಟ್ಟನಡುವೆಯೇ ಇಳಿಸುತ್ತಿದ್ದಳು.

"ಜೊಂಡಿನ ಕಡೆ ಹೋಗಬೇಡಿ. ಒಳಗೆ ಯಾರಿದಾರೋ ಕಾಣಲ್ಲ" ಎಂದು ಎಳೆಯ ಬಾತುಗಳಿಗೆ ದಿನಾ ಹೇಳುತ್ತಿದ್ದಳು.

ಒಳಗೆ ಇದ್ದವನು ಬೂದಣ್ಣನೇ. ಅವನು ಜೊಂಡಿನ ಸಂದಿಯಿಂದ ಬಾತುಗಳನ್ನು ನೋಡುತ್ತಿದ್ದ, ಎಂಜಲು ನುಂಗುತ್ತಿದ್ದ, ಸಂಜೆಗೆ ಏಡಿ ಹಿಡಿದು ತಿಂದು ಮಲಗುತ್ತಿದ್ದ. ಏಡಿಯಿಂದ ಹೊಟ್ಟೆ ತುಂಬುತ್ತಿತ್ತು, ಮನಸ್ಸು ತುಂಬುತ್ತಿರಲಿಲ್ಲ.

ಒಂದು ದಿನ ಅವನು ಕಾಡಂಚಿನ ಪಾಳು ಹೊಲಕ್ಕೆ ಹೋದ. ಅಲ್ಲಿ ಸೋರೆಬಳ್ಳಿ ಹಬ್ಬಿ, ಕಾಯಿಗಳೆಲ್ಲ ಒಣಗಿ ಉದುರಿದ್ದವು. ನೀರು ನಿಂತ ಗುಂಡಿಯೊಂದರಲ್ಲಿ ಒಂದು ಬಾತು ತೇಲುತ್ತಿತ್ತು. ಬೂದಣ್ಣ ಉಸಿರು ಬಿಗಿಹಿಡಿದ. ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಇಂಚಿಂಚೇ ತೆವಳಿ, ಒಂದೇ ನೆಗೆತಕ್ಕೆ ಅದರ ಕತ್ತಿಗೆ ಬಾಯಿ ಹಾಕಿದ. ಕಟಕ್ ಎಂದಿತು. ಹಲ್ಲು ಜುಮ್ಮೆಂದಿತು. ನೋಡಿದರೆ ಅದು ಬಾತಲ್ಲ, ಕತ್ತು ಡೊಂಕಾದ ಒಣಗಿದ ಸೋರೆಬುರುಡೆ!

ಬೂದಣ್ಣ ಅಲ್ಲೇ ಕುಳಿತು ದವಡೆ ಸವರಿಕೊಂಡ. ಆಮೇಲೆ ನಗು ಬಂತು. "ನನ್ನನ್ನೇ ಏಮಾರಿಸಿತಲ್ಲ! ಇನ್ನು ಬಾತುಗಳನ್ನ ಬಿಟ್ಟೀತಾ?" ಎಂದುಕೊಂಡ.

ಹಕ್ಕಿ ಕುಳಿತ ಕಡೆಗೆ ಹಕ್ಕಿ ಇಳಿಯುತ್ತದೆ. ಈಗಾಗಲೇ ಯಾರೋ ನೆಮ್ಮದಿಯಾಗಿ ತೇಲುತ್ತಿದ್ದಾರೆ ಎಂದರೆ ಅಲ್ಲಿ ಅಪಾಯವಿಲ್ಲ ಎಂದು ನಂಬುತ್ತದೆ. ಬೂದಣ್ಣನಿಗೆ ಇದು ಗೊತ್ತಿತ್ತು. ಅವನು ಡೊಂಕು ಕತ್ತಿನ ಬುರುಡೆಗಳನ್ನೇ ಆರಿಸಿ ಆರಿಸಿ ಕೆರೆಯ ದಂಡೆಗೆ ಉರುಳಿಸಿಕೊಂಡು ಬಂದ. ಇದ್ದಿಲಿನಿಂದ ರೆಕ್ಕೆ ಬರೆದ. ಕೆಮ್ಮಣ್ಣಿನಿಂದ ಎದೆ ಬಳಿದ. ಕೊಕ್ಕಿನ ಜಾಗಕ್ಕೆ ಕಪ್ಪೆಚಿಪ್ಪು ಅಂಟಿಸಿದ. ತನ್ನ ಕೆಲಸಕ್ಕೆ ತಾನೇ ತಲೆದೂಗಿದ. ನಸುಕಿನಲ್ಲಿ ಅವನ್ನೆಲ್ಲ ಜೊಂಡಿನ ಮುಂದಿನ ನೀರಿಗೆ ಬಿಟ್ಟು ಒಳಗೆ ಅವಿತು ಕುಳಿತ.

ಬಿಸಿಲೇರುವಾಗ ಗಾಳಿ ಬೀಸಿತು. ಬುರುಡೆಗಳು ಒಂದರ ಹಿಂದೆ ಒಂದು ಹೊರಟವು. ಮದುವೆ ದಿಬ್ಬಣದ ಹಾಗೆ ಕೆರೆ ದಾಟಿ ಆಚೆ ದಡದ ಬಂಡೆಗೆ ಹೋಗಿ ಬಡಿದವು. ಬೂದಣ್ಣ ಇಡೀ ಕೆರೆ ಸುತ್ತಿ ಹೋಗಿ ಅವನ್ನು ಮತ್ತೆ ಹೊತ್ತು ತರಬೇಕಾಯಿತು. ಸೋಮಾರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

"ಇವಕ್ಕೆ ಲಂಗರು ಬೇಕು. ನೀರಿನ ಅಡಿಗೆ ಹೋಗಿ ಕಚ್ಚಿ ಹಿಡಿಯೋ ಲಂಗರು" ಎಂದುಕೊಂಡ.

ಕೆರೆಯ ಮೇಲೆ ಬಾಗಿದ ಜಾಲಿಮರದಲ್ಲಿ ಅರಿಶಿಣಪ್ಪ ಎಂಬ ಗೀಜಗ ಇದ್ದ. ತಲೆಯೂ ಎದೆಯೂ ಹಳದಿ. ಆ ವರ್ಷದ ಮರಿಗಳು ರೆಕ್ಕೆ ಬಲಿತು ಹಾರಿಹೋಗಿದ್ದವು, ಆದರೂ ಅವನ ಕೊಕ್ಕು ಸುಮ್ಮನಿರುತ್ತಿರಲಿಲ್ಲ. ಯಾರಿಗೂ ಬೇಡದ ಗೂಡಿಗೆ ಎಳೆ ಸೇರಿಸುತ್ತಾ ಕುಳಿತಿರುತ್ತಿದ್ದ. ಬೂದಣ್ಣ ಮರದ ಕೆಳಗೆ ನಿಂತು ಕೇಳಿದ:

"ಅರಿಶಿಣಪ್ಪಾ, ಇಷ್ಟು ಗಾಳಿಗೂ ನಿನ್ನ ಗೂಡು ತೂಗಾಡ್ತಿಲ್ವಲ್ಲ, ಏನು ಮಾಡಿದೀಯ?"

"ಒಳಗಡೆ ಹಸಿಮಣ್ಣು ಮೆತ್ತಿದೀನಿ ಬೂದಣ್ಣ. ಭಾರ ಇದ್ರೆ ಗೂಡು ನಿಂತ ಕಡೆ ನಿಲ್ತದೆ. ಆದರೆ ಯಾಕೆ ಕೇಳ್ತಿದೀ..."

ಬೂದಣ್ಣ ಆಗಲೇ ಓಡಿಯಾಗಿತ್ತು. ಕೇಳಿದ ಮಾತಿನ ಅರ್ಧ ಸಾಕು ಎನ್ನುವ ಜಾತಿ ಅವನದು. ಮಣ್ಣುಂಡೆ ಮಾಡಿದ, ಕಾಡುಬಳ್ಳಿಯಿಂದ ಬುರುಡೆಗೊಂದರಂತೆ ಕಟ್ಟಿದ, ನೀರಿಗೆ ಬಿಟ್ಟ. ಸ್ವಲ್ಪ ಹೊತ್ತು ಬುರುಡೆಗಳು ಜಾಣ ಮಕ್ಕಳ ಹಾಗೆ ನಿಂತವು. ಆಮೇಲೆ ಮಣ್ಣು ಕರಗಿ ನೀರೆಲ್ಲ ಕೆಂಪಾಯಿತು. ದಿಬ್ಬಣ ಮತ್ತೆ ಬಂಡೆಯ ಕಡೆಗೆ ಹೊರಟಿತು.

ಬೂದಣ್ಣ ಮನಸಾರೆ ಗೀಜಗನನ್ನು ಬೈದ. ಬೈದ ಮೇಲೆ ಯೋಚಿಸಿದ. ಗಟ್ಟಿ ಹುರಿ ಹೊಸೆಯುವುದು, ಗಂಟು ಹಾಕುವುದು ಇವೆಲ್ಲ ಪಂಜದಿಂದ ಆಗುವ ಕೆಲಸವಲ್ಲ. ಅದಕ್ಕೆ ಅರಿಶಿಣಪ್ಪನ ಕೊಕ್ಕೇ ಬೇಕು. ಆದರೆ ಬಾತು ತಿನ್ನುತ್ತೇನೆ, ಸಹಾಯ ಮಾಡು ಎಂದರೆ ಯಾವ ಹಕ್ಕಿ ಒಪ್ಪೀತು?

ಮಾರನೆಯ ದಿನ ಅವನು ಮುಖ ಸಣ್ಣಗೆ ಮಾಡಿಕೊಂಡು ಜಾಲಿಮರದ ಕೆಳಗೆ ಬಂದ.

"ಅರಿಶಿಣಪ್ಪಾ, ಒಂದು ಪುಣ್ಯದ ಕೆಲಸ ಹಿಡಿದಿದೀನಿ. ಪಾಪ, ಆ ಬಾತುಗಳು ಎಲ್ಲಿಂದಲೋ ಬರ್ತವೆ. ಈ ಕೆರೇಲಿ ಅವಕ್ಕೆ ಯಾರೂ ಗುರುತಿಲ್ಲ. ಹೆದರಿಕೊಂಡು ನಡುನೀರಲ್ಲೇ ಇರ್ತವೆ. ದಡದ ಹತ್ತಿರ ತಮ್ಮಂಥೋರು ನಾಕು ಜನ ಕಂಡ್ರೆ ಧೈರ್ಯ ಬಂದೀತು ಅಂತ ಬೊಂಬೆ ಮಾಡಿದೀನಿ. ನಿಲ್ಲಿಸೋಕೆ ಆಗ್ತಿಲ್ಲ."

"ನೀನು? ಬಾತುಗಳಿಗೆ?" ಅರಿಶಿಣಪ್ಪ ಕತ್ತು ಓರೆ ಮಾಡಿದ.

"ನಮ್ಮಮ್ಮನಾಣೆ. ವಯಸ್ಸಾಯ್ತಪ್ಪ. ಹಲ್ಲೂ ಜುಮ್ಮನ್ನುತ್ತೆ."

ಹಲ್ಲಿನ ಮಾತಂತೂ ನಿಜವೇ. ಅರಿಶಿಣಪ್ಪ ಗೂಡಿನ ಕಡೆ ನೋಡಿದ. ಅವನಿಗೆ ಕರೆಯುವುದು, ಕಾಯುವುದು ಎಂದರೇನೆಂದು ಗೊತ್ತಿತ್ತು. ಗೀಜಗಗಳಲ್ಲಿ ಗಂಡು ಅರ್ಧ ಗೂಡು ಕಟ್ಟಿ, ಅದರ ಬಾಯಿಗೆ ಜೋತುಬಿದ್ದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಬಂದವಳು ಒಳಹೊರಗೆ ನೋಡಿ ಒಪ್ಪಿದರೆ ಮಾತ್ರ ಮಿಕ್ಕ ಅರ್ಧ. ಹಾಗಾಗಿ, ಬರುವವರಿಗಾಗಿ ಯಾರಾದರೂ ಏನಾದರೂ ಕಟ್ಟುತ್ತಾರೆ ಎಂದರೆ ಅರಿಶಿಣಪ್ಪನಿಗೆ ಅದು ವಿಚಿತ್ರ ಎನಿಸಲಿಲ್ಲ.

"ಒಳ್ಳೇ ಕೆಲಸ ಬೂದಣ್ಣ. ಮೊದಲೇ ಹೇಳಿದ್ರೆ ಮಣ್ಣು ನೀರಲ್ಲಿ ಕರಗ್ತದೆ ಅಂತ ಹೇಳ್ತಿದ್ದೆ. ನಡಿ, ಕಲ್ಲು ನೋಡೋಣ."

ಇಬ್ಬರೂ ದಂಡೆಯುದ್ದಕ್ಕೂ ಕಲ್ಲು ಹುಡುಕಿದರು. ಬೂದಣ್ಣ ಕಲ್ಲು ಆರಿಸುವ ಗತ್ತನ್ನು ನೋಡಬೇಕಿತ್ತು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಒಂದನ್ನು ಬಣ್ಣ ಸರಿಯಿಲ್ಲ ಎಂದ, ಇನ್ನೊಂದನ್ನು ಮೂಗು ಮೊಂಡು ಎಂದ. ಕೊನೆಗೆ ನುಣ್ಣನೆಯ ಗುಂಡುಕಲ್ಲುಗಳು ಮನಸ್ಸಿಗೆ ಬಂದವು. ನೋಡಲು ಚೆಂದ. ಆದರೆ ನೀರಿಗೆ ಇಳಿಸಿದ ಕೂಡಲೇ ಅವು ಹುರಿಯ ಕುಣಿಕೆಯಿಂದ ಜಾರಿ ತಳ ಸೇರಿದವು. ಆಮೇಲೆ ಚಪ್ಪಟೆ ಕಲ್ಲು ತಂದ. ಅವು ಹುರಿಯಲ್ಲಿ ನಿಂತವು, ಕೆಸರಿನಲ್ಲಿ ನಿಲ್ಲಲಿಲ್ಲ. ಗಾಳಿ ಬಂದಾಗ ಕೆರೆಯ ತಳದ ಮೇಲೆ ಸರ್ರನೆ ಜಾರಿ ಹೋದವು.

"ಚೆಂದ ನೋಡಬೇಡ, ಒರಟು ನೋಡು" ಎಂದ ಅರಿಶಿಣಪ್ಪ. ಅವನೇ ಉಪಾಯ ಕಂಡುಹಿಡಿದ. ಜಾಲಿಯ ಕವಲುಕಡ್ಡಿಯ ನಡುವೆ ಒರಟು ಕಲ್ಲನ್ನು ಇಟ್ಟು, ಮನೆಗಳಲ್ಲಿ ಮಜ್ಜಿಗೆ ಗಡಿಗೆ ತೂಗುಹಾಕುವ ನೆಲುವು ಇರುತ್ತದಲ್ಲ, ಅದರ ಹಾಗೆ ಸುತ್ತಲೂ ಹುರಿ ಹೆಣೆದ. ಕಲ್ಲು ಭಾರಕ್ಕೆ, ಕವಲು ಹಿಡಿತಕ್ಕೆ. ಎಳೆದರೆ ಕವಲಿನ ಮೊನೆ ಕೆಸರಿಗೆ ನಾಟುತ್ತಿತ್ತು. ಇನ್ನಷ್ಟು ಎಳೆದರೆ ಇನ್ನಷ್ಟು ನಾಟುತ್ತಿತ್ತು.

ಹುರಿಯ ಉದ್ದಕ್ಕೂ ಜಗಳವಾಯಿತು. ಬೂದಣ್ಣ ನೀರಿನ ಆಳಕ್ಕೆ ಸರಿಯಾಗಿ ಕತ್ತರಿಸಿದ. ಅಲೆ ಎದ್ದಾಗ ಬುರುಡೆಗಳ ಮೂಗು ನೀರಿಗೆ ಬಿತ್ತು. ಹಾಗಾದರೆ ಉದ್ದ ಬಿಡೋಣ ಎಂದು ಧಾರಾಳವಾಗಿ ಬಿಟ್ಟ. ಬೆಳಿಗ್ಗೆ ಬಂದು ನೋಡಿದರೆ ಬುರುಡೆಗಳೆಲ್ಲ ಒಂದನ್ನೊಂದು ತಬ್ಬಿಕೊಂಡು ಗಂಟಾಗಿದ್ದವು.

"ಆಳಕ್ಕಿಂತ ಅದರ ಅರ್ಧದಷ್ಟು ಜಾಸ್ತಿ ಇರಲಿ, ಸಾಕು. ಅಲೆಗೆ ಏಳೋಕೂ ಆಗ್ತದೆ, ಸಿಕ್ಕೂ ಆಗಲ್ಲ" ಎಂದ ಅರಿಶಿಣಪ್ಪ. ಹಸಿರು ಹುರಿ ನೀರಿನಲ್ಲಿ ಕಾಣುತ್ತದೆಂದು ಅದನ್ನು ಕೆಸರಿನಲ್ಲಿ ಉಜ್ಜಿದ. ಅತಿಥಿಗಳಿಗೆ ಬೇಸರವಾಗಬಾರದು ಎಂಬುದು ಅವನ ಕಾಳಜಿ. ಬೂದಣ್ಣ ಹೂಂ ಹೂಂ ಎಂದು ತಲೆಯಾಡಿಸಿದ.

ಈ ಸಲ ಗಾಳಿ ಎಷ್ಟು ಬೀಸಿದರೂ ಬುರುಡೆಬಾತುಗಳು ಜೊಂಡಿನ ಮುಂದೆಯೇ ನಿಂತವು. ಆಕಾಶದಲ್ಲಿ ಸುತ್ತುತ್ತಿದ್ದ ಹಂಡಕ್ಕನ ಬಳಗ ಅವನ್ನು ಕಂಡಿತು. ಹಂಡಕ್ಕ ಇನ್ನೂ ಯೋಚಿಸುತ್ತಿದ್ದಳು, ಅಷ್ಟರಲ್ಲಿ ಅವಳ ತಂಗಿಯ ಮಗಳು ಕೆಳಗಿಳಿದೇ ಬಿಟ್ಟಳು. ಎಳೆಯ ಹುಡುಗಿ. ಬುರುಡೆಯೊಂದರ ಪಕ್ಕ ಹೋಗಿ, "ಅಕ್ಕಾ, ನೀವು ಯಾವಾಗ ಬಂದ್ರಿ?" ಎಂದು ಕೇಳಿದಳು. ಉತ್ತರ ಬರುವ ಮೊದಲೇ ಜೊಂಡು ಅಲುಗಿತು. ಬೂದಣ್ಣ ಅವಳನ್ನು ಹಿಡಿದ.

ಅರಿಶಿಣಪ್ಪ ಮಧ್ಯಾಹ್ನ ನಾರು ಸೀಳಲು ಜೊಂಡಿಗೆ ಬಂದಾಗ ಅಲ್ಲಿ ಪುಕ್ಕಗಳು ಹರಡಿದ್ದವು. ಅವನಿಗೆ ಎಲ್ಲ ತಿಳಿಯಿತು. ಕೊಕ್ಕಿನಲ್ಲಿದ್ದ ಎಳೆ ಕೆಳಗೆ ಬಿತ್ತು. ತನ್ನ ಹುರಿ, ತನ್ನ ಗಂಟು, ತನ್ನ ಅಳತೆ! ಅವನಿಗೆ ತುಂಬಾ ದುಃಖವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಬೂದಣ್ಣ, ನಿಮ್ಮಮ್ಮನಾಣೆ ಹಾಕಿದ್ದೆ."

ಬೂದಣ್ಣ ಮೂತಿ ಒರೆಸಿಕೊಳ್ಳುತ್ತಾ ಹೊರಗೆ ಬಂದ. "ಅದು ತಾನಾಗೇ ಸತ್ತುಬಿದ್ದಿತ್ತಪ್ಪ. ದೂರದಿಂದ ಬಂದ ಸುಸ್ತು. ಸೂರ್ಯನಾಣೆ, ನಾನು ಬರೀ ಕ್ಲೀನು ಮಾಡಿದೆ" ಎಂದ.

ಅರಿಶಿಣಪ್ಪ ಹಾರಿಹೋದ.

ಇತ್ತ ಬೂದಣ್ಣನಿಗೆ ಬೇರೆ ತೊಂದರೆ ಶುರುವಾಯಿತು. ಬಾತುಗಳು ಬುರುಡೆಗಳ ಹತ್ತಿರಕ್ಕೂ ಸುಳಿಯಲಿಲ್ಲ. ಒಂದು ದಿನ ಗಾಳಿಯ ಜೊತೆ ಹಂಡಕ್ಕನ ಮಾತು ಅವನ ಕಿವಿಗೆ ಬಿತ್ತು.

"ನಮ್ಮ ಹುಡುಗೀನ ಎಳಕೊಂಡು ಹೋಗುವಾಗ ಪಕ್ಕದಲ್ಲಿದ್ದೋರು ಒಬ್ಬರಾದರೂ ಕತ್ತು ತಿರುಗಿಸಿದರಾ? ಹಾರಿದರಾ? ಕೂಗಿದರಾ? ಅಂಥ ನೆಂಟರು ನಮಗೆ ಬೇಡ" ಎಂದು ಅವಳು ಅಳುತ್ತಾ ಹೇಳುತ್ತಿದ್ದಳು.

ಬೂದಣ್ಣನಿಗೆ ಅಳು ಕೇಳಿಸಲಿಲ್ಲ, ತಪ್ಪು ಎಲ್ಲಿದೆ ಎಂಬುದು ಮಾತ್ರ ಕೇಳಿಸಿತು. ಬುರುಡೆಗಳು ಅಲುಗಬೇಕು! ತಲೆ ಆಡಿಸಬೇಕು, ಅತ್ತಿತ್ತ ಈಜಬೇಕು. ಎಲ್ಲವನ್ನೂ ಒಂದೇ ಉದ್ದ ಹುರಿಗೆ ಪೋಣಿಸಿ, ಒಂದು ತುದಿಯನ್ನು ನಡುನೀರಿನಲ್ಲಿ ದೊಡ್ಡ ಲಂಗರಿಗೆ ಕಟ್ಟಿ, ಇನ್ನೊಂದು ತುದಿಯನ್ನು ತಾನು ಜೊಂಡಿನೊಳಗಿಂದ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರೆ ಇಡೀ ಸಾಲು ಜೀವ ಬಂದ ಹಾಗೆ ಕುಣಿಯುತ್ತದೆ. ಹುರಿಯನ್ನು ಬಾಯಲ್ಲಿ ಹಿಡಿಯುವಂತಿಲ್ಲ, ಬಾತು ಬಂದರೆ ಬಾಯಿ ಬೇಕು. ಕಾಲಲ್ಲೂ ಆಗದು, ನೆಗೆಯಲು ಕಾಲು ಬೇಕು. ಕತ್ತಿಗೇ ಕಟ್ಟಿಕೊಳ್ಳಬೇಕು. ಕಟ್ಟುವವನು ಮಾತ್ರ ಅರಿಶಿಣಪ್ಪನೇ ಆಗಬೇಕು.

ಅವನು ಜಾಲಿಮರದ ಕೆಳಗೆ ಹೋಗಿ ಅಡ್ಡಬಿದ್ದ.

"ತಪ್ಪಾಯ್ತು ಅರಿಶಿಣಪ್ಪ. ನಾನೇ ಕೊಂದದ್ದು. ನಿದ್ದೆ ಬರ್ತಿಲ್ಲ. ಆ ಬುರುಡೆಗಳನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಎಲ್ಲಾನೂ ಎಳೆದು ದಡಕ್ಕೆ ಹಾಕಿ ಒಡೆದುಬಿಡ್ತೀನಿ. ಒಂದೇ ಹುರಿಗೆ ಪೋಣಿಸಿ ತುದೀನ ನನ್ನ ಕತ್ತಿಗೆ ಕಟ್ಟಿಕೊಡು. ಎತ್ತು ಎಳೆಯೋ ಹಾಗೆ ಎಳೀತೀನಿ. ನಾನು ಹುಟ್ಟಿದ ಬಿಲದಾಣೆ, ಈ ಕೆರೆಯಾಣೆ, ನಮ್ಮಪ್ಪನಾಣೆ."

ಅಷ್ಟು ಆಣೆ ಕೇಳಿ ಅರಿಶಿಣಪ್ಪನಿಗೆ ಕಣ್ಣು ತುಂಬಿತು. ಆ ಬುರುಡೆಗಳು ಕೆರೆಯಿಂದ ಹೋಗಲಿ ಎಂದು ಅವನೂ ಬೇಡಿಕೊಳ್ಳುತ್ತಿದ್ದ. ಸಂಜೆಯ ತನಕ ಹುರಿ ಹೊಸೆದ. ಬುರುಡೆಗಳ ಹಳೆಯ ಲಂಗರುಗಳನ್ನು ಬಿಚ್ಚಿ, ಒಂದೊಂದನ್ನೇ ಉದ್ದ ಹುರಿಗೆ ಸೇರಿಸಿದ. ತುದಿಯನ್ನು ಬೂದಣ್ಣನ ಕತ್ತಿಗೆ ಸುತ್ತಿ, ಕಿವಿಗಳ ಹಿಂದೆ ಗಂಟು ಹಾಕಿದ.

"ಜಾರಬಾರದು, ಗೊತ್ತಾಯ್ತಾ? ಬಿಚ್ಚಿಕೊಳ್ಳಲೇಬಾರದು" ಎಂದ ಬೂದಣ್ಣ.

"ಗೂಡಿನ ಬುಡಕ್ಕೆ ಹಾಕೋ ಗಂಟು ಇದು. ಬಿರುಗಾಳಿಗೂ ಬಿಚ್ಚಲ್ಲ. ಆದರೆ ಬೂದಣ್ಣ, ನೀರು ಕುಡಿದ ಮೇಲೆ ಇನ್ನೂ ಬಿಗಿಯುತ್ತೆ. ಆಮೇಲೆ ನನ್ನ ಕೊಕ್ಕಿಗೆ ಬಿಟ್ರೆ ಯಾರಿಗೂ ಬಿಚ್ಚೋಕಾಗಲ್ಲ. ಕೆಲಸ ಆದ ಕೂಡ್ಲೇ ಕರಿ."

"ಕರೀದೇ ಇರ್ತೀನಾ! ಇವತ್ತು ಕತ್ತಲಾಯ್ತು, ಬೆಳಿಗ್ಗೆ ಎಳೀತೀನಿ" ಎಂದು ಬೂದಣ್ಣ ಬಾಯ್ತುಂಬ ಹೇಳಿದ.

ಗೀಜಗ ಗೂಡಿಗೆ ಹೋದ ಮೇಲೆ ಬೂದಣ್ಣ ಕೆಲಸಕ್ಕೆ ಕುಳಿತ. ಲಂಗರು ಸಣ್ಣದಾದರೆ ತಾನು ಎಳೆದಾಗಲೆಲ್ಲ ದಡದ ಕಡೆಗೆ ತೆವಳಿ ಬಂದುಬಿಡುತ್ತದೆ. ಆದ್ದರಿಂದ ಬಿಚ್ಚಿಟ್ಟ ಹಳೆಯ ಲಂಗರುಗಳನ್ನೆಲ್ಲ ಒಟ್ಟುಗೂಡಿಸಿ, ಅವುಗಳದೇ ಹುರಿಗಳನ್ನು ಒಂದಕ್ಕೊಂದು ಸುತ್ತಿ ಸಿಕ್ಕಿಸಿ, ಒಂದೇ ದೊಡ್ಡ ಲಂಗರು ಮಾಡಿ, ಉದ್ದ ಹುರಿಯ ಇನ್ನೊಂದು ತುದಿಯನ್ನೂ ಅದರಲ್ಲೇ ಸಿಕ್ಕಿಸಿದ. ಎಲ್ಲ ದಿಕ್ಕಿಗೂ ಕವಲುಗಳು ಚಾಚಿದ್ದವು. ಯಾವ ಕಡೆ ಬಿದ್ದರೂ ಒಂದಲ್ಲ ಒಂದು ಕೆಸರಿಗೆ ನಾಟಲೇಬೇಕು. ಅದನ್ನು ಒಣ ಕೊರಡಿನ ಮೇಲೆ ಇಟ್ಟು ನೀರಿನಲ್ಲಿ ತಳ್ಳಿಕೊಂಡು ಹೋಗಿ, ಕಾಲು ನೆಲಕ್ಕೆ ಎಟುಕದ ಕಡೆ ಉರುಳಿಸಿದ. ದಡಕ್ಕೆ ಬಂದು ಕತ್ತಿನಿಂದ ಜಗ್ಗಿ ನೋಡಿದ. ಅಲುಗಲಿಲ್ಲ. ಅಂಥ ಲಂಗರು ಆ ಕೆರೆ ಯಾವತ್ತೂ ಕಂಡಿರಲಿಲ್ಲ. ಬೂದಣ್ಣನಿಗೆ ಹೆಮ್ಮೆಯಿಂದ ನಿದ್ದೆಯೇ ಹತ್ತಲಿಲ್ಲ.

ಬೆಳಕು ಹರಿಯಿತು. ಬೂದಣ್ಣ ಜೊಂಡಿನಲ್ಲಿ ಕುಳಿತು ಕತ್ತು ಹಿಂದಕ್ಕೆಳೆದ. ಬುರುಡೆಗಳು ತಲೆಯಾಡಿಸಿದವು. ಮುಂದಕ್ಕೆ ಬಿಟ್ಟ. ಅವು ಅತ್ತ ಈಜಿದವು. ನಿಜವಾದ ಬಾತುಗಳಿಗೂ ಅಷ್ಟು ಚೆಲುವಾಗಿ ಈಜಲು ಬಾರದು ಎಂದು ಅವನಿಗೆ ಅನಿಸಿತು. ಆ ಕುಣಿತ ಕಂಡು ಜಾಲಿಮರದಿಂದ ಹಳದಿ ಚುಕ್ಕೆಯೊಂದು ಎದ್ದು, ಬಾತುಗಳು ಇರುಳಲ್ಲಿ ಮೇಯಲು ಹೋಗುವ ಗದ್ದೆಯ ಕಡೆಗೆ ಹಾರಿದ್ದನ್ನು ಅವನು ಗಮನಿಸಲಿಲ್ಲ.

ಅಷ್ಟರಲ್ಲಿ ಲಂಗರಿನ ಹತ್ತಿರದ ಬುರುಡೆಯೊಂದು ಮಗುಚಿಬಿತ್ತು. ಬಿಳಿ ಹೊಟ್ಟೆ ಮೇಲೆ, ಕೊಕ್ಕು ಕೆಳಗೆ. ಸತ್ತ ಬಾತು ತೇಲಿದ ಹಾಗೆ ಕಾಣುತ್ತಿತ್ತು. ಅದನ್ನು ಕಂಡರೆ ಯಾವ ಹಕ್ಕಿಯೂ ಇಳಿಯದು. "ಥತ್!" ಎಂದು ಬೂದಣ್ಣ ನೀರಿಗಿಳಿದು ಈಜಿದ. ಅವನು ಮುಂದೆ ಹೋದಂತೆಲ್ಲ ಕತ್ತಿನ ಹುರಿ ಸಡಿಲಾಗಿ ಬೆನ್ನ ಹಿಂದೆ ಬಂತು, ಬುರುಡೆಗಳೂ ಹಿಂದೆ ಬಂದವು. ಮಗುಚಿದ್ದನ್ನು ಮೂಗಿನಿಂದ ನೂಕಿದ. ಅದು ನೆಟ್ಟಗಾಗಿ ಮತ್ತೆ ಮಗುಚಿತು. ಅದರ ಸುತ್ತ ಈಜಿ ಆ ಕಡೆಯಿಂದ ನೂಕಿದ. ಮತ್ತೆ ಸುತ್ತಿ ಈ ಕಡೆಯಿಂದ ನೂಕಿದ. ಕೊನೆಗೂ ಅದು ನೆಟ್ಟಗೆ ನಿಂತಿತು.

ಬೂದಣ್ಣ ದಡದ ಕಡೆ ತಿರುಗಿ ಈಜತೊಡಗಿದ. ಕತ್ತಿಗೆ ಜಗ್ಗು ಬಿತ್ತು.

ಹುರಿ ಲಂಗರಿನ ಹುರಿಗೇ ಸುತ್ತಿಕೊಂಡಿತ್ತು. ಹಿಂಗಾಲಿಗೂ ಒಂದು ಸುತ್ತು ಬಿದ್ದಿತ್ತು. ಅವನು ಜೋರಾಗಿ ಎಳೆದ. ಕೆಳಗೆ ಕವಲುಗಳು ಕೆಸರಿಗೆ ನಾಟಿದವು. ಇನ್ನೂ ಜೋರಾಗಿ ಎಳೆದ. ಇನ್ನೂ ಆಳಕ್ಕೆ ನಾಟಿದವು. ಬಂದ ದಾರಿಯಲ್ಲೇ ಹಿಂದಕ್ಕೆ ಸುತ್ತೋಣ ಎಂದುಕೊಂಡ, ಆದರೆ ಯಾವ ಕಡೆಯಿಂದ ಸುತ್ತಿದ್ದೆ ಎಂಬುದೇ ಮರೆತಿತ್ತು. ಸುತ್ತಿದರೆ ಬಿಗಿ ಹೆಚ್ಚಾಯಿತು. ಹುರಿ ಕಚ್ಚಲು ಕತ್ತು ತಿರುಗಿಸಿದರೆ ಮೂಗು ನೀರಿಗೆ ಹೋಗುತ್ತಿತ್ತು. ಮೂಗು ಮೇಲೆತ್ತಿದರೆ ಹುರಿ ಬಾಯಿಗೆ ಸಿಗುತ್ತಿರಲಿಲ್ಲ. ಸುತ್ತಲೂ ಸೇರಿಕೊಂಡ ಬುರುಡೆಗಳ ಮೇಲೆ ಗದ್ದ ಊರಿ, ಏದುಸಿರು ಬಿಡುತ್ತಾ ತೇಲಿದ.

ಆಗ ತಲೆಯ ಮೇಲೆ ರೆಕ್ಕೆ ಸಪ್ಪಳವಾಯಿತು. ಬಾತುಗಳು!

ಹೇಳಿದರೆ ನಂಬುವುದಿಲ್ಲ, ಆ ಸ್ಥಿತಿಯಲ್ಲೂ ಬೂದಣ್ಣನ ಬಾಯಲ್ಲಿ ನೀರೂರಿತು. ಒಂದಾದರೂ ಹತ್ತಿರ ಬರಲಿ ಎಂದು ಉಸಿರು ಕಟ್ಟಿ, ಕಣ್ಣು ಮಿಟುಕಿಸದೆ, ಬುರುಡೆಯ ಹಾಗೆ ಅಲುಗಾಡದೆ ತೇಲಿದ.

ಬಾತುಗಳು ದೂರದಲ್ಲಿ ಇಳಿದವು. ಹಂಡಕ್ಕ ಕತ್ತು ಉದ್ದ ಮಾಡಿ ನೋಡಿದಳು.

"ಅರಿಶಿಣಪ್ಪ ಹೇಳಿದ್ದು ಸರಿ ಕಣ್ರೇ. ಇವೆಲ್ಲ ಸೋರೆಬುರುಡೆಗಳು. ಇವತ್ತು ನೋಡಿ, ಹೊಸದೊಂದು ಸೇರಿಸಿದಾನೆ. ನರಿ ಬುರುಡೆ!"

"ಅಯ್ಯೋ, ಕಿವಿ ಎಷ್ಟು ಚೆನ್ನಾಗಿ ಮಾಡಿದಾನೆ ದೊಡ್ಡಮ್ಮ!" ಎಂದಿತು ಒಂದು ಎಳೆ ಬಾತು.

"ಕೆಲಸಗಾರ ಅವನು, ಇಲ್ಲ ಅನ್ನೋಕಾಗಲ್ಲ. ನರಿ ಸತ್ತು ತೇಲ್ತಿದೆ ಅಂತ ನಾವು ಖುಷಿಯಿಂದ ನೋಡೋಕೆ ಹೋಗಬೇಕು, ಅವನು ಜೊಂಡಿನಿಂದ ನೆಗೀಬೇಕು. ಅದೇ ಅವನ ಲೆಕ್ಕ."

ಯಾರೂ ಬರುವುದಿಲ್ಲ ಎಂದು ಬೂದಣ್ಣನಿಗೆ ಖಾತ್ರಿಯಾಯಿತು. ನೀರು ತಣ್ಣಗೆ ಕೊರೆಯುತ್ತಿತ್ತು. ಈಗ ಅವನಿಗೆ ನಿಜವಾಗಿ ಭಯವಾಯಿತು. "ನಾನು ಬುರುಡೆ ಅಲ್ಲ! ನಾನೇ ಬೂದಣ್ಣ! ಸಾಯ್ತಿದೀನಿ, ಯಾರಾದರೂ ಬನ್ನಿ!" ಎಂದು ಕಿರುಚಿದ.

ಬಾತುಗಳು ಬೆಚ್ಚಿಬಿದ್ದು ಇನ್ನಷ್ಟು ದೂರ ಸರಿದವು.

"ಈ ಸಲ ಮಾತೂ ಆಡಿಸ್ತಿದಾನೆ. ನಡೀರಿ, ಈ ಕೆರೆ ಸಹವಾಸವೇ ಬೇಡ" ಎಂದಳು ಹಂಡಕ್ಕ. ಬಳಗವೆಲ್ಲ ಎದ್ದು ಬೇರೆ ಕೆರೆಗೆ ಹಾರಿಹೋಯಿತು.

ಹಗಲಿಡೀ ಬೂದಣ್ಣ ಕೂಗಿದ. ದಡಕ್ಕೆ ನೀರು ಕುಡಿಯಲು ಬಂದ ಜಿಂಕೆಗಳು ಒಮ್ಮೆ ನೋಡಿ, ಇದೂ ಅವನದೇ ಏನೋ ಆಟ ಎಂದು ಓಡಿದವು. ಹೊತ್ತು ಇಳಿಯುವಾಗ ಅವನ ಗಂಟಲು ಕಟ್ಟಿತ್ತು, ಕಾಲುಗಳು ಮರಗಟ್ಟಿದ್ದವು. ಆಗ ಅರಿಶಿಣಪ್ಪ ಬಂದು ಹತ್ತಿರದ ಬುರುಡೆಯೊಂದರ ಮೇಲೆ ಕುಳಿತ. ಅವನಿಗೆ ಮಾತ್ರ ಇದು ಬುರುಡೆಯಲ್ಲ ಎಂದು ಗೊತ್ತಿತ್ತು. ಆ ಗಂಟು ಅವನದೇ ತಾನೇ.

"ಬಂದ್ಯಾ ಅರಿಶಿಣಪ್ಪ! ಬಿಚ್ಚಪ್ಪ, ಬೇಗ ಬಿಚ್ಚು" ಎಂದು ಬೂದಣ್ಣ ತೊದಲಿದ.

ಅರಿಶಿಣಪ್ಪ ಒಂದು ಬುರುಡೆ ಮುಂದಕ್ಕೆ ಹಾರಿದ. ಅಲ್ಲೇ ನಿಂತ.

"ಗಂಟು ನಿನ್ನ ಕಿವಿ ಹಿಂದೆ ಇದೆ. ನಾನು ನಿನ್ನ ನೆತ್ತಿ ಮೇಲೆ ಕೂತು ಬಿಚ್ಚಬೇಕು. ನೀರು ಕುಡಿದಿದೆ, ತುಂಬಾ ಹೊತ್ತು ಹಿಡಿಯುತ್ತೆ. ಬಿಚ್ಚಿದ ಮೇಲೆ ನನ್ನನ್ನ ತಿನ್ನಲ್ಲ ಅಂತ ಹೇಗೆ ನಂಬಲಿ?"

"ನಮ್ಮಮ್ಮ..." ಎಂದ ಬೂದಣ್ಣ. ಬಾಯಿ ತಾನಾಗಿ ಮುಚ್ಚಿತು. ಅಪ್ಪ, ಕೆರೆ, ಬಿಲ, ಸೂರ್ಯ. ಒಂದೊಂದನ್ನೂ ನೆನೆದ. ಎಲ್ಲವೂ ಸುಳ್ಳಿಗೆ ಖರ್ಚಾಗಿ ಹೋಗಿದ್ದವು. ಈ ಸಲ ಅವನ ಮಾತು ನಿಜವಾಗಿತ್ತು. ಬದುಕಿದರೆ ಈ ಗೀಜಗನ ಒಂದು ಗರಿಯನ್ನೂ ಮುಟ್ಟುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ನಿರ್ಧರಿಸಿದ್ದ. ಆದರೆ ಅದನ್ನು ಹೇಳಲು ಅವನ ಬಳಿ ಒಂದು ಮಾತೂ ಉಳಿದಿರಲಿಲ್ಲ.

"ನಿಜವಾಗ್ಲೂ ಅರಿಶಿಣಪ್ಪ. ನಿಜವಾಗ್ಲೂ" ಎಂದಷ್ಟೇ ಹೇಳಿದ.

ಅರಿಶಿಣಪ್ಪ ಅವನ ಕಣ್ಣನ್ನೇ ನೋಡಿದ. ಅವನಿಗೆ ಅಯ್ಯೋ ಎನಿಸಿತು. ಒಂದು ಕ್ಷಣ ರೆಕ್ಕೆ ಬಿಚ್ಚಿದ ಕೂಡ. ಆಮೇಲೆ, "ಅಕ್ಕಾ, ನೀವು ಯಾವಾಗ ಬಂದ್ರಿ" ಎಂದು ನಂಬಿ ಇಳಿದಳೆಂದು ಬೆಳಿಗ್ಗೆ ಗದ್ದೆಯಲ್ಲಿ ಹಂಡಕ್ಕ ಹೇಳಿದ್ದ ಆ ಹುಡುಗಿಯ ನೆನಪಾಯಿತು. ಅವನು ಅಳುತ್ತಲೇ ಜಾಲಿಮರಕ್ಕೆ ಹಾರಿ, ಗೂಡಿನೊಳಗೆ ಹೋಗಿ ಕುಳಿತ.

ಮರುದಿನ ಬೆಳಿಗ್ಗೆ ಜೋರು ಗಾಳಿ ಬೀಸಿತು. ನೀರಿನ ಮೇಲೆ ಬುರುಡೆಗಳು ಮಾತ್ರ ಕಾಣುತ್ತಿದ್ದವು. ಲಂಗರು ಜರುಗಿರಲಿಲ್ಲ.

ನೀತಿ: ಬೇರೆಯವರ ನಂಬಿಕೆಯನ್ನು ಬೇಟೆಗೆ ಬಳಸಿಕೊಂಡವನಿಗೆ, ತನ್ನ ಜೀವ ಉಳಿಸಿಕೊಳ್ಳಲು ನಂಬಿಕೆ ಬೇಕಾದ ದಿನ ಅದು ಯಾರಲ್ಲೂ ಸಿಗುವುದಿಲ್ಲ.